ತವರಿನಿಂದ ಹೊರಡುವ ಮುನ್ನ: ಹಾಲುಣಿಸುವ ತಾಯಿ ಗರ್ಭನಿರೋಧಕವನ್ನು ಆರಿಸಿಕೊಳ್ಳುವ ಬಗೆ

ಮಲೆನಾಡಿನ ಮನೆಗಳಲ್ಲಿ ಬಾಣಂತನಕ್ಕೆಂದು ತವರಿಗೆ ಬಂದ ಮಗಳು ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಮರಳುತ್ತಾಳೆ. ಆ ದಿನಕ್ಕೆ ವಾರ, ತಿಥಿ ನೋಡುತ್ತಾರೆ. ತೊಟ್ಟಿಲು, ಬಜೆ, ಕೂಸಿನ ಬಟ್ಟೆ, ಬಾಣಂತಿ ಲೇಹ್ಯದ ಡಬ್ಬಿ ಎಲ್ಲವನ್ನೂ ನೆನಪಿಟ್ಟು ಕಟ್ಟುತ್ತಾರೆ. ಮುಂದಿನ ಬಸಿರು ಯಾವಾಗ ಬೇಕು, ಅಥವಾ ಬೇಕೇ ಬೇಡವೇ, ಅಲ್ಲಿಯವರೆಗೆ ಏನು ಮಾಡಬೇಕು ಎಂಬ ಮಾತು ಮಾತ್ರ ಆ ಗಂಟಿನಲ್ಲಿ ಸೇರುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ಲಸಿಕೆಯ ದಿನಗಳಂದು ಬಾಣಂತಿಯರ ಜೊತೆ ಕುಳಿತು ವರ್ಷಗಟ್ಟಲೆ ಮಾತನಾಡಿದ ನನಗೆ ಖಚಿತವಾಗಿರುವ ಸಂಗತಿ ಒಂದೇ: ಈ ತೀರ್ಮಾನ ತವರಿನಲ್ಲಿರುವಾಗಲೇ ಆಗಬೇಕು. ಅಲ್ಲಿಗೆ ಹೋದ ಮೇಲೆ ನೋಡೋಣ ಎಂದವರಲ್ಲಿ ಎಷ್ಟೋ ಜನ ಮುಟ್ಟು ಮರಳುವುದನ್ನೇ ಕಾಯುತ್ತಾ ಕುಳಿತು, ಒಮ್ಮೆಯೂ ಮುಟ್ಟಾಗದೆಯೇ ಮತ್ತೆ ಬಸಿರಾಗಿ, ಹತ್ತು ತಿಂಗಳ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ನನ್ನೆದುರು ಕಣ್ಣೀರು ಹಾಕಿದ್ದಾರೆ.

ಹಾಲು ಕುಡಿಸುವಷ್ಟು ದಿನ ಬಸಿರು ನಿಲ್ಲುವುದಿಲ್ಲ ಎಂಬ ಹಿರಿಯರ ಮಾತಿನಿಂದಲೇ ತೊಡಗುವುದು ಒಳ್ಳೆಯದು, ಏಕೆಂದರೆ ಆ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಕೂಸು ಮೊಲೆ ಚೀಪಿದಾಗಲೆಲ್ಲ ತಾಯಿಯ ಮೆದುಳಿಗೆ ಒಂದು ಸಂದೇಶ ಹೋಗುತ್ತದೆ. ಅದರಿಂದ ಹಾಲು ಉತ್ಪಾದಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚುತ್ತದೆ, ಅಂಡಾಶಯವನ್ನು ಎಚ್ಚರಿಸುವ ಹಾರ್ಮೋನುಗಳು ತಗ್ಗುತ್ತವೆ, ಅಂಡ ಬಲಿಯುವುದು ನಿಲ್ಲುತ್ತದೆ. ಇದನ್ನು ನೆಚ್ಚಿಕೊಳ್ಳಬೇಕಾದರೆ ಮೂರು ಸಂಗತಿಗಳು ಒಟ್ಟಿಗೆ ಇರಬೇಕು. ಕೂಸಿಗೆ ಆರು ತಿಂಗಳು ತುಂಬಿರಬಾರದು, ತಾಯಿಗೆ ಮುಟ್ಟು ಮರಳಿರಬಾರದು, ಮತ್ತು ಕೂಸಿಗೆ ಎದೆಹಾಲಲ್ಲದೆ ಬೇರೇನೂ ಕೊಡುತ್ತಿರಬಾರದು. ಹಗಲಿನಲ್ಲಿ ಎರಡು ಹಾಲೂಡುವಿಕೆಯ ನಡುವೆ 4 ಗಂಟೆಗಿಂತ, ರಾತ್ರಿ 6 ಗಂಟೆಗಿಂತ ಹೆಚ್ಚು ಅಂತರ ಬೀಳಬಾರದು. ಇವೆಲ್ಲ ಸರಿಯಾಗಿದ್ದಾಗ 100 ತಾಯಂದಿರಲ್ಲಿ ಬಸಿರಾಗುವವರು ಇಬ್ಬರಿಗಿಂತ ಹೆಚ್ಚಿರುವುದಿಲ್ಲ. ಸಾಮಾನ್ಯ ಬಳಕೆಯಲ್ಲಿ ಮಾತ್ರೆ ಕೊಡುವ ರಕ್ಷಣೆಗೆ ಇದು ಕಡಿಮೆಯಲ್ಲ.

ಆದರೆ ನಮ್ಮ ಮನೆಗಳಲ್ಲಿ ಈ ಮೂರೂ ಒಟ್ಟಿಗೆ ಎಷ್ಟು ದಿನ ಉಳಿಯುತ್ತವೆ ಎಂಬುದನ್ನು ನೋಡಬೇಕು. ನಾಲ್ಕು ತಿಂಗಳಾಗುತ್ತಿದ್ದಂತೆ ಕೂಸು ಅಳುವುದು ಹಸಿವಿಗೇ ಎಂದುಕೊಂಡು ಯಾರಾದರೊಬ್ಬರು ರಾಗಿ ಮಣ್ಣಿ ಮಾಡುತ್ತಾರೆ. ನಾಲ್ಕು ಚಮಚ ಮಣ್ಣಿ ತಿಂದ ಕೂಸು ಅಷ್ಟು ಹೊತ್ತು ಮೊಲೆ ಕೇಳದೆ ಮಲಗುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಗಂಡನ ಮನೆಗೆ ಹೋದವಳು ಹಗಲೆಲ್ಲ ಅಂಗಳದ ಕೆಲಸ ಮುಗಿಸಿ, ರಾತ್ರಿ ಸುಲಿಯುವವರ ಸಾಲಿನಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತಿರುವಾಗ ಕೂಸನ್ನು ಅತ್ತೆ ಬಾಟಲಿ ಹಾಲು ಕೊಟ್ಟು ಮಲಗಿಸಿರುತ್ತಾರೆ. ಅಲ್ಲಿಗೆ ಆ ರಕ್ಷಣೆ ಮುಗಿಯಿತು. ಮುಟ್ಟು ಬರಲಿಲ್ಲವೆಂಬ ಒಂದೇ ಸಮಾಧಾನ ಉಳಿಯಿತು. ಆ ಸಮಾಧಾನವನ್ನು ನಂಬಬಾರದು. ಮೊದಲು ಅಂಡ ಬಿಡುಗಡೆಯಾಗುತ್ತದೆ, ಮುಟ್ಟು ಬರುವುದು ಅದಾಗಿ ಸುಮಾರು ಎರಡು ವಾರದ ಮೇಲೆ. ಆ ಎರಡು ವಾರದೊಳಗೆ ಬಸಿರು ನಿಂತರೆ ಮುಟ್ಟು ಬರುವುದೇ ಇಲ್ಲ. ಹೆರಿಗೆಯಿಂದಲೇ ಬಾಟಲಿ ಹಾಲು ಸೇರಿಸುತ್ತಿರುವ ತಾಯಿಯಂತೂ ಮೂರು ವಾರ ಕಳೆದ ಮೇಲೆ ತನಗೆ ರಕ್ಷಣೆ ಇಲ್ಲವೆಂದೇ ತಿಳಿಯಬೇಕು. ಆದ್ದರಿಂದ ಎದೆಹಾಲಿನ ರಕ್ಷಣೆಯನ್ನು ನೆಚ್ಚುವವರು ಮಣ್ಣಿ ಆರಂಭವಾಗುವ ದಿನ, ಮುಟ್ಟು ಕಂಡ ದಿನ, ಆರು ತಿಂಗಳು ತುಂಬುವ ದಿನ, ಈ ಮೂರರಲ್ಲಿ ಯಾವುದು ಮೊದಲು ಬಂದರೂ ಆ ದಿನವೇ ಕೈಗೆ ಸಿಗುವಂತೆ ಮುಂದಿನ ವಿಧಾನವನ್ನು ಸಿದ್ಧವಾಗಿಟ್ಟುಕೊಂಡಿರಬೇಕು.

ಹೆರಿಗೆಯಾದ ಮೇಲೆ ಕನಿಷ್ಠ 24 ತಿಂಗಳು ಕಳೆಯದೆ ಮತ್ತೊಂದು ಬಸಿರಿಗೆ ಪ್ರಯತ್ನಿಸಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎರಡು ಮಕ್ಕಳ ನಡುವೆ 3 ವರ್ಷ ಅಂತರವಿರಲಿ ಎಂದು ನಮ್ಮ ಸರ್ಕಾರದ ಕಾರ್ಯಕ್ರಮ ಹೇಳುತ್ತದೆ. ಸಿಸೇರಿಯನ್ ಆದವರಿಗೂ ರಕ್ತಹೀನತೆ ಇರುವವರಿಗೂ ಈ ಅಂತರ ಇನ್ನಷ್ಟು ಮುಖ್ಯ.

ಹೆರಿಗೆಯ ಹಾಸಿಗೆಯಲ್ಲೇ ಮುಗಿಯಬಹುದಾದ ಕೆಲಸ

ನಮ್ಮ ಕಡೆ ವಂಕಿ ಎಂದೂ ಕರೆಯುವ ಕಾಪರ್-ಟಿಯನ್ನು ಮಾಸು ಬಿದ್ದ 10 ನಿಮಿಷದೊಳಗೆ, ಸಿಸೇರಿಯನ್ ನಡೆಯುವಾಗಲೇ, ಅಥವಾ ಹೆರಿಗೆಯಾದ 48 ಗಂಟೆಯೊಳಗೆ ಗರ್ಭಕೋಶದಲ್ಲಿ ಇರಿಸಬಹುದು. ಆ ಅವಧಿ ದಾಟಿದರೆ ಆರು ವಾರ ಕಾಯಬೇಕು. ಇದರಲ್ಲಿ ಹಾರ್ಮೋನು ಇಲ್ಲದಿರುವುದರಿಂದ ಎದೆಹಾಲಿಗೆ ಯಾವ ಸಂಬಂಧವೂ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡು ಬಗೆಯವು ಉಚಿತವಾಗಿ ಸಿಗುತ್ತವೆ: 380ಎ ಎಂಬುದು 10 ವರ್ಷ, 375 ಎಂಬುದು 5 ವರ್ಷ ಕೆಲಸ ಮಾಡುತ್ತದೆ. ಬೇಡವೆನಿಸಿದ ದಿನ ತೆಗೆಸಬಹುದು, ತೆಗೆಸಿದ ಕೂಡಲೇ ಬಸಿರಾಗುವ ಶಕ್ತಿ ಮರಳುತ್ತದೆ. ಹತ್ತು ವರ್ಷದ್ದನ್ನು ಹಾಕಿಸಿಕೊಂಡರೆ ಹತ್ತು ವರ್ಷ ಇಟ್ಟುಕೊಳ್ಳಲೇಬೇಕೆಂದು ತಿಳಿದು ಹೆದರುವವರನ್ನು ಕಂಡಿದ್ದೇನೆ, ಹಾಗೇನೂ ಇಲ್ಲ. ಹೊಳೆ ದಾಟಿ, ಗುಡ್ಡ ಇಳಿದು ಆಸ್ಪತ್ರೆಗೆ ಬರಬೇಕಾದ ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳ ಒಳಹಳ್ಳಿಯವರಿಗೆ, ಆಷಾಢದ ಮಳೆಯಲ್ಲಿ ಬಸ್ಸು ನಿಂತುಹೋಗುವ ಊರಿನವರಿಗೆ, ಒಮ್ಮೆ ಹಾಕಿಸಿದರೆ ಮರೆತುಬಿಡಬಹುದಾದ ಈ ವಿಧಾನವನ್ನೇ ಮೊದಲು ಯೋಚಿಸಿ ಎಂದು ನಾನು ಹೇಳುತ್ತೇನೆ.

ಹೆರಿಗೆಯ ಹೊತ್ತಿನಲ್ಲೇ ಹಾಕಿಸಬೇಕೆಂದರೆ ಆ ಮಾತನ್ನು ನೋವಿನ ನಡುವೆ ಆಡಲಾಗದು. ಎಂಟನೆಯ ತಿಂಗಳ ತಪಾಸಣೆಯಲ್ಲಿಯೇ ಕೇಳಿ ತಿಳಿದು, ಒಪ್ಪಿಗೆಯಿದ್ದರೆ ತಾಯಿ ಕಾರ್ಡಿನಲ್ಲಿ ಬರೆಸಿಟ್ಟರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಾಗಲಿ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ ಹೆರಿಗೆ ಮಾಡಿಸುವವರಿಗೆ ಅದು ಕಣ್ಣಿಗೆ ಬೀಳುತ್ತದೆ. ನೀರು ಒಡೆದು 18 ಗಂಟೆ ದಾಟಿದ್ದರೆ, ಜ್ವರ ಅಥವಾ ಸೋಂಕು ಇದ್ದರೆ, ರಕ್ತಸ್ರಾವ ಹತೋಟಿಗೆ ಬರದಿದ್ದರೆ ಆಗ ಹಾಕುವುದಿಲ್ಲ. ಅವರು ಆರು ವಾರದ ನಂತರ ಬರಬೇಕು. ಹೆರಿಗೆಯಾದ ಕೂಡಲೇ ಹಾಕಿದ ಕಾಪರ್-ಟಿ ಜಾರಿ ಹೊರಬೀಳುವ ಸಂಭವ ಆರು ವಾರದ ನಂತರ ಹಾಕಿದ್ದಕ್ಕಿಂತ ಹೆಚ್ಚು. ಆದ್ದರಿಂದ ಕೂಸಿಗೆ ಒಂದೂವರೆ ತಿಂಗಳ ಲಸಿಕೆ ಹಾಕಿಸಲು ಬಂದ ದಿನವೇ ತಾಯಿಯೂ ಪರೀಕ್ಷೆ ಮಾಡಿಸಿಕೊಂಡು, ಅದು ತನ್ನ ಜಾಗದಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ, ಹೊಟ್ಟೆನೋವು ಹೆಚ್ಚಾಗಬಹುದು; ರಕ್ತ ಕಡಿಮೆಯಿರುವವರು ಇದನ್ನು ಮೊದಲೇ ಹೇಳಿಕೊಳ್ಳಬೇಕು, ಹೆರಿಗೆಯ ನಂತರ 180 ದಿನ ತೆಗೆದುಕೊಳ್ಳಬೇಕಾದ ಕಬ್ಬಿಣದ ಮಾತ್ರೆಯನ್ನು ಬಿಡಬಾರದು. ಕೆಟ್ಟ ವಾಸನೆಯ ಸ್ರಾವ, ಚಳಿಜ್ವರ, ಕಿಬ್ಬೊಟ್ಟೆಯ ತೀವ್ರ ನೋವು ಇವುಗಳಲ್ಲಿ ಒಂದು ಕಂಡರೂ, ಅಥವಾ ಮೊದಲು ಕೈಗೆ ತಾಗುತ್ತಿದ್ದ ದಾರ ತಾಗದಂತಾದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ವಂಕಿ ಮೇಲೇರಿ ಎದೆಗೆ ಹೋಗುತ್ತದೆ ಎಂಬ ಭಯ ಹಲವರಲ್ಲಿದೆ. ಗರ್ಭಕೋಶದಿಂದ ಎದೆಗೆ ಅಂಥ ದಾರಿಯೇ ಇಲ್ಲ.

ವಾರದ ಮಾತ್ರೆ, ಮೂರು ತಿಂಗಳ ಚುಚ್ಚುಮದ್ದು

ಛಾಯಾ ಎಂಬ ಹೆಸರಿನಲ್ಲಿ ಆಶಾ ಕಾರ್ಯಕರ್ತೆಯರು ಕೊಡುವ ಮಾತ್ರೆಯಲ್ಲಿರುವುದು ಸೆಂಟ್‌ಕ್ರೋಮನ್. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಈ ಔಷಧ ಸ್ಟೀರಾಯ್ಡ್ ಹಾರ್ಮೋನು ಅಲ್ಲ, ಹಾಲನ್ನು ಕುಗ್ಗಿಸುವುದಿಲ್ಲ, ಹೆರಿಗೆಯಾದ ಕೂಡಲೇ ಆರಂಭಿಸಬಹುದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಕಷ್ಟವಿರುವುದು ಮಾತ್ರೆಯಲ್ಲಲ್ಲ, ದಿನ ನೆನಪಿಡುವುದರಲ್ಲಿ. ಮೊದಲ ಮಾತ್ರೆಯನ್ನು ಭಾನುವಾರ ನುಂಗಿದವರು ಎರಡನೆಯದನ್ನು ಬುಧವಾರ ನುಂಗಬೇಕು. ಸೋಮವಾರ ಆರಂಭಿಸಿದವರಿಗೆ ಗುರುವಾರ, ಮಂಗಳವಾರದವರಿಗೆ ಶುಕ್ರವಾರ. ಮೂರು ತಿಂಗಳು ಹೀಗೆ ನಡೆದ ಮೇಲೆ ಮೊದಲ ಮಾತ್ರೆ ನುಂಗುವ ವಾರದ ದಿನವಷ್ಟೇ ಉಳಿಯುತ್ತದೆ, ಎರಡನೆಯದು ಬಿಟ್ಟುಹೋಗುತ್ತದೆ. ಸಾಗರದ ಕಡೆಯ ಒಬ್ಬ ತಾಯಿ ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಭಾನುವಾರ, ಬುಧವಾರಗಳ ಅಂಕಿಯ ಕೆಳಗೆ ಕುಂಕುಮದ ಬೊಟ್ಟಿಟ್ಟು, ನುಂಗಿದ ಮೇಲೆ ಅದರ ಮೇಲೆ ಪೆನ್ಸಿಲಿನಿಂದ ಗೀಟು ಎಳೆಯುತ್ತಿದ್ದರು. ಮೂರು ತಿಂಗಳ ಹಾಳೆಗಳನ್ನು ಕಿತ್ತು ತಂದು ನನಗೆ ತೋರಿಸಿದಾಗ ಒಂದೇ ಒಂದು ಬೊಟ್ಟು ಗೀಟಿಲ್ಲದೆ ಉಳಿದಿತ್ತು, ಅದು ಕೂಸಿಗೆ ಜ್ವರ ಬಂದ ರಾತ್ರಿ. ಅದಕ್ಕಿಂತ ಉತ್ತಮವಾದ ಉಪಾಯ ನನಗೆ ತಿಳಿದಿಲ್ಲ.

ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಬೇಕು, ಮುಂದಿನ ಮುಟ್ಟಿನವರೆಗೆ ನಿರೋಧ್ ಬಳಸಬೇಕು. ಏಳು ದಿನ ಮೀರಿ ಮರೆತಿದ್ದರೆ ಹೊಸದಾಗಿ ವಾರಕ್ಕೆ ಎರಡರಂತೆ ಮೊದಲಿನಿಂದ ತೊಡಗಬೇಕು. ಛಾಯಾ ನುಂಗುವವರಿಗೆ ಮುಟ್ಟು ತಡವಾಗುವುದು ಸಾಮಾನ್ಯ, ಅದರಿಂದ ಹಾನಿಯಿಲ್ಲ. ಆದರೂ ಮುಟ್ಟು ಮರಳಿದ ಮೇಲೆ ಎಂದಾದರೂ 15 ದಿನಕ್ಕಿಂತ ಹೆಚ್ಚು ತಡವಾದರೆ ಬಸಿರಿನ ಪರೀಕ್ಷೆ ಮಾಡಿಸಬೇಕು. ನಿಶ್ಚಯ್ ಕಿಟ್ ಆಶಾ ಅವರ ಬಳಿಯೇ ಇರುತ್ತದೆ. ಇತ್ತೀಚೆಗೆ ಕಾಮಾಲೆ ಆಗಿದ್ದವರು, ಯಕೃತ್ತು ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಅಂಡಾಶಯದಲ್ಲಿ ನೀರುಗುಳ್ಳೆಗಳಿವೆ ಎಂದು ವೈದ್ಯರು ಹೇಳಿರುವವರು, ಕ್ಷಯದ ಚಿಕಿತ್ಸೆಯಲ್ಲಿರುವವರು ಇದನ್ನು ಬಳಸಬಾರದು.

ಅಂತರ ಎಂಬ ಹೆಸರಿನ ಗರ್ಭನಿರೋಧಕ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ. ಹಾಲೂಡುವ ತಾಯಿ ಇದನ್ನು ಹೆರಿಗೆಯಾಗಿ ಆರು ವಾರ ತುಂಬಿದ ಮೇಲೆ ತೆಗೆದುಕೊಳ್ಳಬೇಕು. ಇದರಲ್ಲಿರುವುದು ಪ್ರೊಜೆಸ್ಟಿನ್ ಎಂಬ ಹಾರ್ಮೋನು ಮಾತ್ರ, ಹಾಲು ಕಡಿಮೆಯಾಗುವುದಿಲ್ಲ. ಮನೆಯವರ ಕಣ್ಣಿಗೆ ಮಾತ್ರೆ ಬೀಳಬಾರದೆನ್ನುವ ಹೆಣ್ಣುಮಕ್ಕಳು ಇದನ್ನು ಇಷ್ಟಪಡುತ್ತಾರೆ, ಅವರ ಕಾರಣ ನನಗೆ ಅರ್ಥವಾಗುತ್ತದೆ. ತೆಗೆದುಕೊಳ್ಳುವ ಮುನ್ನ ಎರಡು ವಿಷಯ ತಿಳಿದಿರಬೇಕು. ಮೊದಲ ತಿಂಗಳುಗಳಲ್ಲಿ ಅಕಾಲದಲ್ಲಿ ಸ್ವಲ್ಪ ಸ್ವಲ್ಪ ಸ್ರಾವ ಕಾಣಿಸಬಹುದು, ಆಮೇಲೆ ಮುಟ್ಟು ಪೂರ್ತಿ ನಿಲ್ಲಬಹುದು. ನಿಂತ ರಕ್ತ ಒಳಗೆ ಕೂಡಿಕೊಂಡು ಕೆಡುಕು ಮಾಡುವುದಿಲ್ಲ, ಏಕೆಂದರೆ ಗರ್ಭಕೋಶದ ಒಳಪದರ ಬೆಳೆಯುವುದೇ ಇಲ್ಲ. ಇನ್ನೊಂದು, ಚುಚ್ಚುಮದ್ದು ನಿಲ್ಲಿಸಿದ ಮೇಲೆ ಬಸಿರಾಗಲು ಕೊನೆಯ ಚುಚ್ಚುಮದ್ದಿನಿಂದ 7ರಿಂದ 10 ತಿಂಗಳು ಹಿಡಿಯಬಹುದು, ಆದ್ದರಿಂದ ಒಂದು ವರ್ಷದೊಳಗೆ ಮತ್ತೆ ಮಗು ಬೇಕೆನ್ನುವವರಿಗೆ ಇದು ಹೊಂದದು. ಬಾಣಂತಿಯರಿಗೆ ಮುಖ್ಯವಾದ ಮತ್ತೊಂದು ಮಾತಿದೆ: ಚುಚ್ಚಿದ ಜಾಗವನ್ನು ತಿಕ್ಕಬಾರದು, ಶಾಖ ಕೊಡಬಾರದು, ಹಾಗೆ ಮಾಡಿದರೆ ಔಷಧ ಬೇಗ ಹೀರಿಹೋಗಿ ಅದರ ಅವಧಿ ಕುಗ್ಗುತ್ತದೆ. ಎಣ್ಣೆ ನೀವಿ ಬಿಸಿಬಿಸಿ ನೀರು ಹುಯ್ಯುವವರಿಗೆ ಇದನ್ನು ಮೊದಲೇ ಹೇಳಿ, ತೋಳಿಗೆ ಚುಚ್ಚಿದ್ದರೆ ಆ ತೋಳನ್ನು ಬಿಟ್ಟು ನೀವಿಸಿಕೊಳ್ಳಬೇಕು. ಮುಂದಿನ ತಾರೀಖು ಕಾರ್ಡಿನಲ್ಲಿ ಬರೆದಿರುತ್ತದೆ. ಅದಕ್ಕೆ ಎರಡು ವಾರ ಮೊದಲೂ ನಾಲ್ಕು ವಾರ ತಡವಾಗಿಯೂ ತೆಗೆದುಕೊಳ್ಳಬಹುದು, ಅದಕ್ಕೂ ಮೀರಿದರೆ ಪರೀಕ್ಷೆ ಮಾಡಿಸಿಯೇ ಕೊಡುತ್ತಾರೆ. ತವರಿನಲ್ಲಿ ಮೊದಲ ಚುಚ್ಚುಮದ್ದು ತೆಗೆದುಕೊಂಡವರು ಆ ಕಾರ್ಡನ್ನು ಗಂಡನ ಊರಿಗೆ ಒಯ್ಯಲೇಬೇಕು.

ಮಾಲಾ-ಎನ್ ವಿಷಯದಲ್ಲಿ ಎಚ್ಚರ

ಮದುವೆಯಾದ ಹೊಸದರಲ್ಲಿ ಬಳಸಿ ಉಳಿದ ಮಾಲಾ-ಎನ್ ಪಟ್ಟಿಯನ್ನು ಬೀರುವಿನಿಂದ ತೆಗೆದು, ಹೆರಿಗೆಯಾಗಿ ಎರಡು ತಿಂಗಳಿಗೇ ನುಂಗಲು ತೊಡಗಿದವರನ್ನು ನಾನು ಕಂಡಿದ್ದೇನೆ. ಇದು ಆಗಬಾರದು. ಮಾಲಾ-ಎನ್ ಮತ್ತು ಔಷಧ ಅಂಗಡಿಯಲ್ಲಿ ಸಿಗುವ ಹೆಚ್ಚಿನ ದಿನವಹಿ ಮಾತ್ರೆಗಳಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನು ಸೇರಿರುತ್ತದೆ. ಹಾಲೂಡುವ ತಾಯಿ ಹೆರಿಗೆಯಾದ ಆರು ವಾರದೊಳಗೆ ಇದನ್ನು ಮುಟ್ಟಲೇಬಾರದು, ಆರು ತಿಂಗಳು ತುಂಬುವವರೆಗೂ ದೂರವಿಡುವುದು ಒಳ್ಳೆಯದು. ಹಾಲು ಕಡಿಮೆಯಾಗಬಹುದು, ಹೆರಿಗೆಯ ನಂತರದ ವಾರಗಳಲ್ಲಿ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ. ಆರು ತಿಂಗಳ ನಂತರವೂ ರಕ್ತದೊತ್ತಡ ಹೆಚ್ಚಿರುವವರು, ಕಣ್ಣಿಗೆ ಮಿಂಚು ಬಂದು ಅರೆತಲೆನೋವು ಬರುವವರು ಇದನ್ನು ಬಳಸಬಾರದು. ದಿನವಹಿ ಮಾತ್ರೆಯೇ ಬೇಕೆಂದರೆ ಪ್ರೊಜೆಸ್ಟಿನ್ ಮಾತ್ರವಿರುವ ಮಾತ್ರೆಯನ್ನು ವೈದ್ಯರಿಂದ ಬರೆಸಿಕೊಳ್ಳಬಹುದು. ಅದನ್ನು ನಡುವೆ ಬಿಡುವು ಕೊಡದೆ ಪ್ರತಿದಿನ ಒಂದೇ ಹೊತ್ತಿಗೆ ನುಂಗಬೇಕು. ಡೆಸೊಜೆಸ್ಟ್ರೆಲ್ ಇರುವ ಮಾತ್ರೆಯಲ್ಲಿ 12 ಗಂಟೆಯವರೆಗಿನ ತಡಕ್ಕೆ ಅವಕಾಶವಿದೆ, ಹಳೆಯ ಬಗೆಯವುಗಳಲ್ಲಿ 3 ಗಂಟೆಗೆ ಮಾತ್ರ. ರಾತ್ರಿ ಹಗಲು ಕೂಸಿನ ಹಿಂದೆಯೇ ಇರುವ ತಾಯಿಗೆ ಗಡಿಯಾರ ನೋಡುವ ಮಾತ್ರೆ ಎಷ್ಟು ನಡೆಯುತ್ತದೆಂಬುದನ್ನು ಅವಳೇ ಪ್ರಾಮಾಣಿಕವಾಗಿ ಯೋಚಿಸಿ ಹೇಳಬೇಕು. ಕ್ಷಯಕ್ಕೆ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಫೆನಿಟೋಯಿನ್ ಅಥವಾ ಕಾರ್ಬಮಜೆಪಿನ್ ತೆಗೆದುಕೊಳ್ಳುತ್ತಿರುವವರಲ್ಲಿ ಈ ದಿನವಹಿ ಮಾತ್ರೆಗಳ ಬಲ ಕುಗ್ಗುತ್ತದೆ, ಅವರಿಗೆ ಕಾಪರ್-ಟಿ ಮೇಲು.

ಗಂಡನ ಪಾಲಿಗೆ ಬರುವ ವಿಧಾನಗಳು

ನಿರೋಧ್ ಬಳಸಲು ಯಾವ ವಾರವನ್ನೂ ಕಾಯಬೇಕಿಲ್ಲ, ಹಾಲಿಗೂ ಅದಕ್ಕೂ ಸಂಬಂಧವಿಲ್ಲ, ಲೈಂಗಿಕ ಸೋಂಕುಗಳನ್ನು ತಡೆಯುವ ವಿಧಾನವೂ ಇದೊಂದೇ. ಆದರೆ ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ 100ರಲ್ಲಿ ಸುಮಾರು 13 ಜನ ಬಸಿರಾಗುತ್ತಾರೆ, ಕಾಪರ್-ಟಿಯಲ್ಲಿ ಒಬ್ಬರೂ ಆಗುವುದು ಕಷ್ಟ. ಈ ವ್ಯತ್ಯಾಸವನ್ನು ಇಬ್ಬರೂ ತಿಳಿದಿರಬೇಕು. ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಗತಿ ಇಲ್ಲಿದೆ. ಹಾಲೂಡುವ ತಿಂಗಳುಗಳಲ್ಲಿ ಈಸ್ಟ್ರೋಜೆನ್ ಕಡಿಮೆಯಿರುವುದರಿಂದ ಯೋನಿ ಒಣಗಿರುತ್ತದೆ, ಕೂಡುವಾಗ ಉರಿ, ನೋವು ಆಗುತ್ತದೆ. ಆಗ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಎಣ್ಣೆ ತಾಗಿದರೆ ರಬ್ಬರಿನ ನಿರೋಧ್ ಬಲ ಕಳೆದುಕೊಂಡು ಹರಿಯುತ್ತದೆ. ನೀರಿನಂಶದ ಜೆಲ್ಲಿ ಔಷಧ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ಬಳಸಬೇಕು. ನಿರೋಧನ್ನು ಒಲೆಯ ಮೇಲಿನ ಅಟ್ಟದಲ್ಲಾಗಲಿ ಬಚ್ಚಲ ಹಂಡೆಯ ಬಳಿಯಾಗಲಿ ಇಡಬಾರದು, ಬಿಸಿಗೂ ಅದು ಹಾಳಾಗುತ್ತದೆ.

ಇನ್ನು ಮಕ್ಕಳು ಬೇಡವೆಂದು ಇಬ್ಬರೂ ನಿರ್ಧರಿಸಿದ್ದರೆ, ಹೆಂಗಸಿಗೆ ಹೆರಿಗೆಯಾದ ಏಳು ದಿನದೊಳಗೆ ಅಥವಾ ಆರು ವಾರದ ನಂತರ ಆಪರೇಷನ್ ಮಾಡುತ್ತಾರೆ. ಗಂಡಸಿನ ಆಪರೇಷನ್ ಅದಕ್ಕಿಂತ ಚಿಕ್ಕದು: ಹೊಲಿಗೆಯಿಲ್ಲದೆ, ಸ್ಥಳೀಯ ಅರಿವಳಿಕೆಯಲ್ಲಿ ನಿಮಿಷಗಳಲ್ಲಿ ಮುಗಿದು ಅಂದೇ ಮನೆಗೆ ಹೋಗಬಹುದು. ತೋಟದ ಕೆಲಸ ಮಾಡಲು ಬಲ ಇರುವುದಿಲ್ಲ ಎಂಬ ಮಾತಿನಲ್ಲಿ ಹುರುಳಿಲ್ಲ. ಅಲ್ಲಿ ಕತ್ತರಿಸುವುದು ವೀರ್ಯಾಣು ಸಾಗುವ ನಾಳವನ್ನಷ್ಟೇ. ಹೊಟ್ಟೆಯ ಸಿಸೇರಿಯನ್ ಗಾಯ ಇನ್ನೂ ಮಾಗದಿರುವ ಹೆಂಡತಿಯನ್ನು ಮತ್ತೊಂದು ಆಪರೇಷನ್ನಿಗೆ ಕಳಿಸುವ ಮುನ್ನ ಗಂಡ ಇದನ್ನು ಯೋಚಿಸಬೇಕೆಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ. ಆದರೆ ಮೂರು ತಿಂಗಳು ಕಳೆದು ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲವೆಂದು ಖಚಿತವಾಗುವವರೆಗೆ ಬೇರೆ ವಿಧಾನ ಬಳಸಲೇಬೇಕು.

ಯಾವ ವಿಧಾನವೂ ಇಲ್ಲದೆ ಕೂಡಿದ್ದರೆ ಅಥವಾ ನಿರೋಧ್ ಹರಿದಿದ್ದರೆ ಲೆವೊನಾರ್ಜೆಸ್ಟ್ರೆಲ್ ಇರುವ ತುರ್ತು ಮಾತ್ರೆಯನ್ನು 72 ಗಂಟೆಯೊಳಗೆ, ಆದಷ್ಟು ಬೇಗ ನುಂಗಬೇಕು. ಅದಕ್ಕಾಗಿ ಹಾಲೂಡುವುದನ್ನು ನಿಲ್ಲಿಸಬೇಕಿಲ್ಲ. ಅದು ತಿಂಗಳು ತಿಂಗಳು ನುಂಗುವ ಮಾತ್ರೆಯಲ್ಲ.

ಲಸಿಕೆಯ ದಿನ ನರ್ಸಿನ ಎದುರು ಕುಳಿತಾಗ ಏನು ಕೊಡುತ್ತೀರಿ ಎಂದು ಕೇಳುವುದಕ್ಕಿಂತ ನಿಮ್ಮ ಸಂಗತಿಗಳನ್ನು ನೀವೇ ಹೇಳಿ: ಕೂಸಿಗೆ ಎಷ್ಟು ವಾರ, ಬರೀ ಎದೆಹಾಲೇ ಅಥವಾ ಬೇರೆಯದೂ ಕೊಡುತ್ತಿದ್ದೀರಾ, ಯಾವ ತಿಂಗಳು ಗಂಡನ ಮನೆಗೆ ಹೋಗುತ್ತೀರಿ, ಅಲ್ಲಿಂದ ಆಸ್ಪತ್ರೆ ಎಷ್ಟು ದೂರ, ಯಾವ ಕಾಯಿಲೆಗೆ ಯಾವ ಔಷಧ ನಡೆಯುತ್ತಿದೆ, ಮುಂದಿನ ಮಗು ಯಾವಾಗ ಬೇಕು. ಅತ್ತೆಯೋ ಅಮ್ಮನೋ ಪಕ್ಕದಲ್ಲಿದ್ದು ಮಾತು ಬಾಯಿಗೆ ಬರದಿದ್ದರೆ, ಕೂಸನ್ನು ಅವರ ಕೈಗೆ ಕೊಟ್ಟು, ಒಳಗೆ ಒಬ್ಬಳೇ ಮಾತನಾಡಬೇಕು ಎಂದು ಹೇಳುವ ಹಕ್ಕು ನಿಮಗಿದೆ. ಕಾಪರ್-ಟಿಗೂ ಚುಚ್ಚುಮದ್ದಿಗೂ, ಆಪರೇಷನ್ನಿಗೂ ಕೂಡ, ಬೇಕಾಗಿರುವುದು ನಿಮ್ಮ ಒಪ್ಪಿಗೆ. ಗಂಡನ ಸಹಿ ಕಡ್ಡಾಯವಲ್ಲ. ಒಂದು ವಿಧಾನ ಹೊಂದದಿದ್ದರೆ ಬದಲಿಸಬಹುದು, ಆದರೆ ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಕಾಯುವ ದಿನಗಳಲ್ಲಿ ನಿರೋಧ್ ಇರಲಿ. ಮಳೆಗಾಲದಲ್ಲಿ ಹೊರಡುವವರು ಮೂರು ತಿಂಗಳಿಗಾಗುವಷ್ಟು ಛಾಯಾ ಮಾತ್ರೆಯನ್ನು ತವರಿನ ಆಶಾ ಅವರಿಂದಲೇ ಪಡೆದು, ತೇವ ತಾಗದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಅಂತರದ ಕಾರ್ಡನ್ನೂ ತಾಯಿ ಕಾರ್ಡನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಕೂಸಿನ ಬಟ್ಟೆಯ ಚೀಲದ ತಳದಲ್ಲಿ ಇಟ್ಟುಕೊಳ್ಳಬೇಕು.